ತಬರನಿಗೆ ಸಿಗದ ‘ಇಲ್ಲ’

ಕನ್ನಡ ಸಾಹಿತ್ಯದ ಕೆಲವು ಪಾತ್ರಗಳು ಪುಸ್ತಕದಿಂದ ಹೊರಬಿದ್ದು ಬೀದಿಯ ಮಾತಾಗಿಬಿಡುತ್ತವೆ. ಪೂರ್ಣಚಂದ್ರ ತೇಜಸ್ವಿಯವರ ತಬರ ಅಂಥವನು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಮುದುಕನೊಬ್ಬನ ಸುದ್ದಿ ಊರಿನ ಪತ್ರಿಕೆಗಳಲ್ಲಿ ಬಂದಿತೆಂದರೆ ತಲೆಬರಹದಲ್ಲಿ ತಬರನ ಹೆಸರು ಇಣುಕುವುದು ವಾಡಿಕೆಯೇ ಆಗಿದೆ. ಕಥೆಯನ್ನು ಓದದವರೂ ಸಿನಿಮಾ ನೋಡದವರೂ ಆ ಹೆಸರನ್ನು ಬಳಸುತ್ತಾರೆ. ಲೇಖಕನೊಬ್ಬನಿಗೆ ಇದಕ್ಕಿಂತ ದೊಡ್ಡ ಗೌರವ ಬೇಕಿಲ್ಲ, ಸರಿ. ಆದರೆ ಹೆಸರು ಗಾದೆಯಾದೊಡನೆ ಕಥೆಯನ್ನು ಓದುವ ಕೆಲಸ ನಿಂತುಹೋಗುತ್ತದೆ. ‘ಅಯ್ಯೋ ಪಾಪ’ ಎಂದು ಒಂದು ನಿಟ್ಟುಸಿರು, ‘ಸರಕಾರಿ ಕಚೇರಿಗಳ ಹಣೆಬರಹವೇ ಇಷ್ಟು’ ಎಂದು ಒಂದು ಮಾತು; ಅಲ್ಲಿಗೆ ತಬರನ ಋಣ ತೀರಿತು. ಈ ಓದು ಸಾಲದೆಂಬುದು ನಮ್ಮ ಅಭಿಪ್ರಾಯ. ಹೊಟ್ಟೆಪಾಡಿಗಾಗಿ ಊರು ಬಿಟ್ಟು, ಸಂಬಳ, ಭವಿಷ್ಯನಿಧಿ, ಪಿಂಚಣಿಗಳನ್ನೇ ನಂಬಿ ಎರಡು ಮೂರು ತಲೆಮಾರು ಕಳೆದಿರುವ ನಮ್ಮಂಥ ಸಂಸಾರಗಳಿಗಂತೂ ಸಾಲದು.

‘ತಬರನ ಕಥೆ’ 1973ರಲ್ಲಿ ಬಂದ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿದೆ. ಗಿರೀಶ ಕಾಸರವಳ್ಳಿಯವರು ಅದನ್ನು ಚಿತ್ರವಾಗಿ ಮಾಡಿದರು. 1986ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅದು ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ತಬರನಾಗಿ ನಟಿಸಿದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಚಾರುಹಾಸನ್ ತಮಿಳರು, ವೃತ್ತಿಯಿಂದ ವಕೀಲರಾಗಿದ್ದವರು. ತನ್ನ ಪರವಾಗಿ ಒಂದು ಮಾತನ್ನೂ ನೆಟ್ಟಗೆ ವಾದಿಸಲಾರದ ಮನುಷ್ಯನ ಪಾತ್ರಕ್ಕೆ ವಕೀಲರೇ ಬೇಕಾಯಿತಲ್ಲ ಎಂದು ನಮ್ಮ ಮಿತ್ರರೊಬ್ಬರು ನಗೆಯಾಡುವುದುಂಟು.

ಕಥೆಯ ಎಲುಬು ಇಷ್ಟು. ತಬರ ಬ್ರಿಟಿಷರ ಕಾಲದಲ್ಲೇ ಸರಕಾರಿ ಚಾಕರಿಗೆ ಸೇರಿದ ಸಣ್ಣ ನೌಕರ. ಸರಕಾರವೆಂದರೆ ಅವನಿಗೆ ದೇವರ ಸಮಾನ. ಸ್ವಾತಂತ್ರ್ಯ ಬಂದ ಮೇಲೂ ಚಾಕರಿ ಮುಂದುವರಿಯುತ್ತದೆ. ಕಾಫಿ ಬೆಳೆಗಾರರಿಂದ ತೆರಿಗೆ ವಸೂಲು ಮಾಡುವ ಕೆಲಸ ಅವನ ಪಾಲಿಗೆ ಬರುತ್ತದೆ. ಕೊಡಲೊಲ್ಲದ ಬೆಳೆಗಾರರು ಒಂದು ಕಡೆ, ಲೆಕ್ಕ ಕೇಳುವ ಕಚೇರಿ ಇನ್ನೊಂದು ಕಡೆ. ವಸೂಲಿಯ ಗೋಜಲು ಬಂದು ಅಂಟಿಕೊಳ್ಳುವುದು ನಡುವೆ ನಿಂತವನ ಮೈಗೆ. ನಿವೃತ್ತಿಯಾದ ಮೇಲೆ ಪಿಂಚಣಿ ಬರುವುದಿಲ್ಲ. ಮನೆಯಲ್ಲಿ ಹೆಂಡತಿಗೆ ಸಕ್ಕರೆ ಕಾಯಿಲೆ. ಕಾಲಿನ ಹುಣ್ಣು ಕೊಳೆತು, ಕಾಲು ತೆಗೆಸದಿದ್ದರೆ ಜೀವ ಉಳಿಯದೆಂಬ ಸ್ಥಿತಿ. ಪಿಂಚಣಿ ಬಂದರೆ ಆಸ್ಪತ್ರೆ. ಅದು ಬರದೆ, ದಿಕ್ಕು ಕಾಣದ ತಬರ ಹೆಂಡತಿಯ ಕಾಲು ಕಡಿದುಕೊಡೆಂದು ಕಟುಕನನ್ನು ಕೇಳುವ ಹಂತಕ್ಕೆ ಬರುತ್ತಾನೆ. ಅವಳು ಸಾಯುತ್ತಾಳೆ. ಅವನಿಗೆ ಬುದ್ಧಿ ಭ್ರಮಿಸುತ್ತದೆ.

ತೇಜಸ್ವಿಯವರು ಸ್ವತಃ ಮೂಡಿಗೆರೆಯ ಕಾಫಿ ಬೆಳೆಗಾರರಾಗಿದ್ದರು ಎಂಬುದನ್ನು ಇಲ್ಲಿ ಮರೆಯಬಾರದು. ತೆರಿಗೆ ಕೇಳಲು ಬಂದ ಜವಾನನನ್ನು ಜಗಲಿಯ ಮೇಲಿನಿಂದ ನೋಡುವವರ ಸಾಲಿನಲ್ಲಿದ್ದು, ಆ ಜವಾನನ ಕಡೆಯಿಂದ ಕಥೆ ಬರೆದರು. ಅದಕ್ಕೇ ಇರಬೇಕು, ಕಥೆಯಲ್ಲಿ ಕರುಣೆ ಇದ್ದರೂ ಅಳುಮುಂಜಿತನವಿಲ್ಲ.

ಈಗ ನಮ್ಮ ಪ್ರಶ್ನೆಗೆ ಬರೋಣ. ತಬರನಿಗೆ ಪಿಂಚಣಿ ಕೊಡುವುದಿಲ್ಲವೆಂದು ಹೇಳಿದವರು ಯಾರು? ಕಥೆಯನ್ನು ಮತ್ತೆ ತೆರೆದು ನೋಡಿದರೆ ಅಂಥವರು ಯಾರೂ ನಮ್ಮ ಕೈಗೆ ಸಿಕ್ಕಲಿಲ್ಲ. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರುತ್ತಾರೆ, ಇನ್ನೊಬ್ಬರು ಮತ್ತೊಂದು ದಿನ ಬಾ ಎನ್ನುತ್ತಾರೆ, ಕಾಗದ ಮೇಲಕ್ಕೆ ಹೋಗುತ್ತದೆ, ಕೆಳಕ್ಕೆ ಬರುತ್ತದೆ. ‘ನಿನಗೆ ಪಿಂಚಣಿ ಸಲ್ಲುವುದಿಲ್ಲ, ಕಾರಣ ಇದು’ ಎಂದು ರುಜು ಹಾಕಿ ಕೊಡುವ ಒಬ್ಬ ಅಧಿಕಾರಿ ಇಡೀ ಕಥೆಯಲ್ಲಿಲ್ಲ. ಹಾಗೆ ಒಬ್ಬನಿದ್ದಿದ್ದರೆ ತಬರನಿಗೆ ಒಬ್ಬ ಶತ್ರುವಾದರೂ ಇರುತ್ತಿದ್ದ. ಆ ಕಾಗದ ಹಿಡಿದು ಅದರ ಮೇಲಿನವನ ಬಳಿಗೆ ಹೋಗಬಹುದಿತ್ತು. ಯಾರಾದರೂ ಬಲ್ಲವರು ಓದಿ, ‘ಇಗೋ ನೋಡು, ಇಲ್ಲಿ ತಪ್ಪಿದೆ’ ಎಂದು ತೋರಿಸಬಹುದಿತ್ತು. ಕೈಯಲ್ಲಿ ‘ಇಲ್ಲ’ ಇಲ್ಲದವನು ಯಾವುದರ ಮೇಲೆ ಅಪೀಲು ಮಾಡಬೇಕು? ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆಂದರೂ ಗೋಡೆ ಬೇಕು.

ತೇಜಸ್ವಿಯವರ ಪ್ರತಿಭೆ ಇರುವುದು ಇಲ್ಲಿ ಎಂದು ನಾವು ತಿಳಿಯುತ್ತೇವೆ. ಕ್ರೂರ ಅಧಿಕಾರಿಯೊಬ್ಬನನ್ನು ನಿಲ್ಲಿಸಿ ನಮ್ಮ ಸಿಟ್ಟನ್ನೆಲ್ಲ ಅವನ ಮೇಲೆ ಹರಿಯಬಿಡುವುದು ಸುಲಭವಾಗಿತ್ತು. ಕಚೇರಿಯನ್ನು ಕುರಿತ ನಮ್ಮ ಎಷ್ಟೋ ಕಥೆ ನಾಟಕಗಳು ಮಾಡುವುದು ಅದನ್ನೇ. ಲಂಚ ಕೇಳುವ ಗುಮಾಸ್ತ, ಗದರುವ ಸಾಹೇಬ, ಕಡೆಯ ಅಂಕದಲ್ಲಿ ಬಂದು ಎಲ್ಲವನ್ನೂ ಸರಿಪಡಿಸುವ ಒಬ್ಬ ಸಜ್ಜನ ಕಲೆಕ್ಟರು. ಸಂಘದ ರಂಗಮಂದಿರಗಳಲ್ಲಿ ಇಂಥವನ್ನು ನೋಡಿ ನಾವೂ ಚಪ್ಪಾಳೆ ತಟ್ಟಿದ್ದೇವೆ. ಈ ನಾಟಕಗಳಲ್ಲಿ ತಪ್ಪು ಯಾವಾಗಲೂ ಮನುಷ್ಯನದು. ಆದ್ದರಿಂದ ಮನುಷ್ಯನನ್ನು ಬದಲಾಯಿಸಿದರೆ ತೀರಿತು. ತಬರನ ಕಥೆಯಲ್ಲಿ ಆ ಸಮಾಧಾನ ಸಿಗುವುದಿಲ್ಲ. ಅಲ್ಲಿ ಯಾರೂ ಅಷ್ಟು ಕೆಟ್ಟವರಲ್ಲ, ಯಾರೂ ಹೊಣೆಗಾರರೂ ಅಲ್ಲ.

ಆಶ್ಚರ್ಯವೆಂದರೆ, ಕಥೆಗಾರ ಕಂಡದ್ದನ್ನು ನಮ್ಮ ಕಾನೂನು ಕಾಣಲು ಬಹಳ ವರ್ಷ ಬೇಕಾಯಿತು. ಪಿಂಚಣಿ ದೊರೆಗಳ ಕೃಪೆಯಲ್ಲ, ನೌಕರನ ಹಕ್ಕು ಎಂದು ಸುಪ್ರೀಂ ಕೋರ್ಟು 1971ರಲ್ಲೇ ದೇವಕೀನಂದನ ಪ್ರಸಾದರ ಮೊಕದ್ದಮೆಯಲ್ಲಿ ಹೇಳಿತ್ತು. ಎಂದರೆ ಕಥೆ ಅಚ್ಚಾಗುವುದಕ್ಕೆ ಎರಡು ವರ್ಷ ಮೊದಲು. 1982ರ ಡಿಸೆಂಬರ್ 17ರಂದು ನಾಕರಾ ಮೊಕದ್ದಮೆಯ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿತು. ಆ ದಿನವನ್ನು ಪಿಂಚಣಿದಾರರ ದಿನವೆಂದು ಆಚರಿಸುವವರು ಇಂದಿಗೂ ಇದ್ದಾರೆ. 1984ರಲ್ಲಿ ಕೇರಳದ ಪದ್ಮನಾಭನ್ ನಾಯರ್ ಮೊಕದ್ದಮೆ. ಕೊನೆಯ ಸಂಬಳದ ದಾಖಲೆ ಬರಲಿಲ್ಲವೆಂಬ ನೆಪದಲ್ಲಿ ನಿವೃತ್ತನ ಹಣ ಎರಡು ವರ್ಷಕ್ಕೂ ಮಿಕ್ಕಿ ತಡೆದಿತ್ತು. ಇಂಥ ವಿಳಂಬಕ್ಕೆ ಸರಕಾರ ಬಡ್ಡಿ ತೆರಬೇಕೆಂದು ತೀರ್ಪಾಯಿತು. ಆದ್ದರಿಂದ ಕಾಸರವಳ್ಳಿಯವರ ಚಿತ್ರ ತಯಾರಾಗುವ ಹೊತ್ತಿಗೆ ತಬರನ ಹಕ್ಕಿನ ವಿಷಯದಲ್ಲಿ ಈ ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ಯಾವ ಸಂಶಯವೂ ಉಳಿದಿರಲಿಲ್ಲ. ಹಾಗಿದ್ದೂ ಚಿತ್ರ ಹಳತಾಗಲಿಲ್ಲ. ಹಕ್ಕು ಇದೆಯೆಂದು ಹೇಳುವುದು ಬೇರೆ, ಕೇಳಿದವನಿಗೆ ಉತ್ತರ ಕೊಡಲೇಬೇಕೆಂದು ಕಟ್ಟುಮಾಡುವುದು ಬೇರೆ.

ಈ ಎರಡನೆಯದು ಮೆಲ್ಲಗೆ, ಬೇರೆ ಬೇರೆ ಬಾಗಿಲುಗಳಿಂದ ಬಂತು. 1972ರ ಗ್ರಾಚ್ಯುಯಿಟಿ ಕಾಯ್ದೆಯಡಿ ಮಾಡಿದ ನಿಯಮಗಳಲ್ಲಿ ಹಣ ಕೇಳುವ ನೌಕರನಿಗೆ ಒಂದು ನಮೂನೆ ಇದ್ದಂತೆ, ಕೊಡುವುದಿಲ್ಲವೆನ್ನುವ ಧಣಿಗೂ ಒಂದು ನಮೂನೆ ಇತ್ತು; ಕಾರಣ ಬರೆದು ಕೊಡಬೇಕಾಗಿತ್ತು. (ಆ ಕಾಯ್ದೆಯ ಜಾಗದಲ್ಲಿ 2025ರ ನವೆಂಬರಿನಿಂದ ಸಾಮಾಜಿಕ ಭದ್ರತೆಯ ಹೊಸ ಸಂಹಿತೆ ಬಂದಿದೆ.) 1985ರ ಆಡಳಿತ ನ್ಯಾಯಮಂಡಳಿ ಕಾಯ್ದೆ ಇನ್ನೊಂದು ಹೆಜ್ಜೆ ಇಟ್ಟಿತು: ಸರಕಾರಿ ನೌಕರ ಮನವಿ ಕೊಟ್ಟು ಆರು ತಿಂಗಳಾದರೂ ಆಜ್ಞೆ ಹೊರಡದಿದ್ದರೆ, ಆ ಮೌನದ ಮೇಲೆಯೇ ಅವನು ನ್ಯಾಯಮಂಡಳಿಗೆ ಹೋಗಬಹುದು. 2005ರ ಮಾಹಿತಿ ಹಕ್ಕಿನ ಕಾಯ್ದೆ ಇದನ್ನು ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಹೇಳಿತು. ಮೂವತ್ತು ದಿನದೊಳಗೆ ಉತ್ತರ ಬರದಿದ್ದರೆ ಅದನ್ನು ನಿರಾಕರಣೆಯೆಂದೇ ಭಾವಿಸತಕ್ಕದ್ದು. ನಿರಾಕರಿಸಿ ಬರೆದರೆ ಮೂರು ಸಂಗತಿ ಅದರಲ್ಲಿರಬೇಕು: ಕಾರಣ, ಮೇಲ್ಮನವಿಗೆ ಇರುವ ಅವಧಿ, ಮೇಲ್ಮನವಿ ಕೇಳುವವರ ವಿವರ. ನಮ್ಮಲ್ಲಿ ಹಲವರು ಈ ಕಾಯ್ದೆಯನ್ನು ಗುಟ್ಟು ಬಯಲು ಮಾಡುವ ಅಸ್ತ್ರವೆಂದು ಮಾತ್ರ ಬಲ್ಲರು. ತಬರನನ್ನು ಬಲ್ಲವರು ಆ ಒಂದು ಕಲಮನ್ನು ಬೇರೆ ರೀತಿಯಲ್ಲಿ ಓದಬೇಕು. ಕಚೇರಿಯ ಮೌನಕ್ಕೆ ಅದು ಹೆಸರಿಟ್ಟಿದೆ. ಸುಮ್ಮನಿರುವುದೂ ಒಂದು ‘ಇಲ್ಲ’ವೇ ಎಂದು ಹೇಳಿದೆ. ಕಥೆ ಬಂದು ಮೂವತ್ತೆರಡು ವರ್ಷವಾಗಿತ್ತು.

ಹಾಗಾದರೆ ‘ಇಲ್ಲ’ ಎಂಬ ಕಾಗದ ಕೈಗೆ ಬಂದವನ ಕಥೆ ಸುಖಾಂತವೇ? ಅಷ್ಟು ಸರಳವಲ್ಲ. ಇಲ್ಲಿ ಅರ್ಜಿಯೆಂಬ ಬರವಣಿಗೆಯ ಬಗ್ಗೆಯೇ ಒಂದೆರಡು ಮಾತು ಹೇಳಬೇಕು. ಸಾಹಿತ್ಯ ವಿಮರ್ಶೆಯಲ್ಲಿ ಅರ್ಜಿಗೇನು ಕೆಲಸವೆಂದು ಓದುಗರು ಹುಬ್ಬೇರಿಸಬಾರದು. ನಮ್ಮ ಜನರಲ್ಲಿ ಬಹುಮಂದಿ ಜೀವಮಾನದಲ್ಲಿ ಮನಸ್ಸಿಟ್ಟು ಬರೆದ ಗದ್ಯವೆಂದರೆ ಅರ್ಜಿಯೇ.

ಆ ಗದ್ಯಕ್ಕೆ ಒಂದು ಪರಂಪರೆಯಿದೆ. ಅರ್ಜಿ ಎಂಬ ಶಬ್ದವೇ ಅರಬ್ಬಿ–ಪಾರಸಿಯ ಮೂಲಕ ಬಂದದ್ದು. ದೊಡ್ಡವರ ಮುಂದೆ ಬಿನ್ನವಿಸಿಕೊಳ್ಳುವುದು ಅದರ ಬೇರಿನಲ್ಲೇ ಇದೆ. ‘ತಮ್ಮ ವಿಧೇಯ’, ‘ಬಡವನ ಮೇಲೆ ಕೃಪೆದೋರಿ’, ‘ದೊಡ್ಡ ಮನಸ್ಸು ಮಾಡಿ’ ಮುಂತಾದ ಮಾತುಗಳು ಅಪ್ಪನಿಂದ ಮಗನಿಗೆ ಬಂದ ಹಾಗೆ ಅರ್ಜಿಯಿಂದ ಅರ್ಜಿಗೆ ಬಂದಿವೆ. ಹಕ್ಕಿನ ಹಣ ಕೇಳುವಾಗಲೂ ಭಿಕ್ಷೆಯ ಭಾಷೆ. ತಬರನ ನಾಲಗೆಯ ಮೇಲಿರುವುದೂ ಇದೇ ಭಾಷೆ. ಅವನಿಗೆ ಬೇರೆ ಭಾಷೆ ಕಲಿಸಿದವರಿಲ್ಲ. ಈ ಭಾಷೆಯ ದೋಷ ದೈನ್ಯವಷ್ಟೇ ಅಲ್ಲ. ಕೃಪೆ ಕೇಳಿದವನಿಗೆ ಕೃಪೆ ಇಲ್ಲವೆಂದರೆ ಮುಗಿಯಿತು, ಅದಕ್ಕೆ ಕಾರಣ ಹೇಳಬೇಕಾಗಿಲ್ಲ. ಹಕ್ಕು ಕೇಳಿದವನಿಗೆ ಕಾರಣ ಹೇಳಲೇಬೇಕು.

ಸಂಘದಲ್ಲಿ ಕೂತು ಹಿರಿಯರಿಗೆ ಕಾಗದಪತ್ರ ಬರೆದುಕೊಡುವ ಕೆಲಸ ನಮಗೆ ಹೊಸದಲ್ಲ. ಮುಂಬಯಿಯ ಹೊಟೇಲೊಂದರಲ್ಲಿ ತಟ್ಟೆ ಎತ್ತುವ ಹುಡುಗನಾಗಿ ಸೇರಿ, ಗಲ್ಲಾದ ಮೇಲೆ ಕೂರುವವರೆಗೆ ದುಡಿದು ನಿವೃತ್ತರಾದ ಒಬ್ಬರು ಕೆಲವು ವರ್ಷಗಳ ಕೆಳಗೆ ನಮ್ಮಲ್ಲಿಗೆ ಬಂದರು. ಭವಿಷ್ಯನಿಧಿಯ ಅರ್ಜಿ ತಿರಸ್ಕೃತವಾಗಿತ್ತು. ಮೊಮ್ಮಗ ಮೊಬೈಲಿನಲ್ಲಿ ತೋರಿಸಿದ ಕಾರಣ ಒಂದೇ ಸಾಲು: ಹೆಸರು ತಾಳೆಯಾಗುವುದಿಲ್ಲ. ನಮ್ಮ ಓದುಗರಿಗೆ ಇದರ ಒಳಗುಟ್ಟು ವಿವರಿಸಬೇಕಾಗಿಲ್ಲ. ಊರಿನ ಶಾಲೆಯ ದಾಖಲೆಯಲ್ಲಿ ಮುಂದೆ ಒಂದು ಅಕ್ಷರ, ಆಮೇಲೆ ಹೆಸರು. ಮುಂಬಯಿಗೆ ಬಂದೊಡನೆ ಹೆಸರು ಮೊದಲು, ತಂದೆಯ ಹೆಸರು ನಡುವೆ, ಕೊನೆಗೆ ಅಡ್ಡಹೆಸರು; ಅಡ್ಡಹೆಸರು ಇಲ್ಲದವರಿಗೆ ಮಸ್ಟರು ಬರೆಯುವ ಗುಮಾಸ್ತನೇ ಒಂದನ್ನು ದಯಪಾಲಿಸುತ್ತಿದ್ದ. ಊರಿನ ಹೆಸರು ಕೆಲವರ ಮನೆತನದ ಹೆಸರಾದದ್ದು ಹೀಗೆಯೇ. ನಲವತ್ತು ವರ್ಷ ಯಾರಿಗೂ ತೊಡಕಾಗದ ಆ ಹೆಸರು ಈಗ ಹಣ ಕೊಡುವ ಹೊತ್ತಿಗೆ ತೊಡಕಾಯಿತು.

ಅವರು ತಾವೇ ಬರೆದ ನಾಲ್ಕು ಹಾಳೆಯ ಮೇಲ್ಮನವಿಯನ್ನು ಹಿಡಿದುಕೊಂಡೇ ಬಂದಿದ್ದರು. ಅದರಲ್ಲಿ ಎಲ್ಲವೂ ಇತ್ತು: ಹನ್ನೊಂದನೆಯ ವಯಸ್ಸಿಗೆ ಊರು ಬಿಟ್ಟದ್ದು, ಹೊಟೇಲಿನ ಹಿಂದಿನ ಕೋಣೆಯಲ್ಲಿ ಮಲಗಿದ್ದು, ರಾತ್ರಿಶಾಲೆಯಲ್ಲಿ ಕನ್ನಡ ಕಲಿತದ್ದು, ಹೆಂಡತಿಯ ಕಾಯಿಲೆ, ಮಗಳ ಮದುವೆಯ ಸಾಲ. ಹೆಸರಿನ ವಿಷಯ ಮಾತ್ರ ನಾಲ್ಕನೆಯ ಹಾಳೆಯ ಕೆಳಗೆ ಅರ್ಧ ಸಾಲು. ಕಚೇರಿ ಕೇಳಿದ್ದು ಆ ಅರ್ಧ ಸಾಲನ್ನೇ. ಹೊಟೇಲು ಅಷ್ಟರಲ್ಲಿ ಕೈ ಬದಲಿಸಿತ್ತು. ಹಳೆಯ ಧಣಿಯ ಮಗ ಒಳ್ಳೆಯವನು, ಜಂಟಿ ಘೋಷಣಾ ಪತ್ರಕ್ಕೆ ರುಜು ಹಾಕಿಸಿಕೊಟ್ಟ. ಇಬ್ಬರೂ ಒಬ್ಬನೇ ಎಂದು ತೋರಿಸುವ ಎರಡು ದಾಖಲೆ, ಇಂಥ ದಿನದ ಇಂಥ ಸಂಖ್ಯೆಯ ತಿರಸ್ಕಾರದಲ್ಲಿ ಹೇಳಿದ ಕಾರಣಕ್ಕೆ ಇದು ಉತ್ತರ ಎಂದು ಆರು ಸಾಲಿನ ಒಂದು ಪತ್ರ. ಹಣ ಬಂತು, ಕೆಲವು ತಿಂಗಳು ಹಿಡಿದರೂ. ಆದರೆ ಆ ಆರು ಸಾಲನ್ನು ಓದಿ ಹೇಳಿದಾಗ ಅವರು ಆಡಿದ ಮಾತು ನಮ್ಮ ಕಿವಿಯಲ್ಲಿ ಉಳಿದಿದೆ: “ಇದರಲ್ಲಿ ನಂದೇನೂ ಇಲ್ವಲ್ಲ ಮಾರಾಯ್ರೆ!”

ಮಾತು ನಿಜ. ಗೆಲ್ಲುವ ಮೇಲ್ಮನವಿ ಕಾರಣಕ್ಕೆ ಕಾರಣ ಕೊಡುತ್ತದೆ, ದಿನಾಂಕಕ್ಕೆ ದಿನಾಂಕ. ಅದರಲ್ಲಿ ಮನುಷ್ಯನಿಗೆ ಜಾಗ ಕಡಮೆ. ಬಿಟ್ಟುಹೋದ ಆ ನಾಲ್ಕು ಹಾಳೆಗೆ ಜಾಗ ಕೊಡುವುದು ಕಥೆ, ಸಿನಿಮಾಗಳ ಕೆಲಸ. ತಬರನ ಕಥೆಯೆಂದರೆ ತಬರ ಬರೆಯದೆ ಹೋದ ಆ ನಾಲ್ಕು ಹಾಳೆ.

ಈ ಎರಡನ್ನೂ, ಎಂದರೆ ಆರು ಸಾಲನ್ನೂ ನಾಲ್ಕು ಹಾಳೆಯನ್ನೂ, ಒಂದೇ ಕಡೆ ಹಿಡಿಯಲು ಹೊರಟ ಇನ್ನೊಂದು ಚಿತ್ರವನ್ನು ತಬರನ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಅದು ಇಂಗ್ಲೆಂಡಿನ ಕೆನ್ ಲೋಚ್ ನಿರ್ದೇಶಿಸಿ, ಪಾಲ್ ಲಾವರ್ಟಿ ಬರೆದ ‘ಐ, ಡೇನಿಯಲ್ ಬ್ಲೇಕ್’. 2016ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ಚಿತ್ರ. ಡೇನಿಯಲ್ ನ್ಯೂಕಾಸಲ್ ಊರಿನ ಬಡಗಿ, ವಯಸ್ಸು ಐವತ್ತೊಂಬತ್ತು. ಹೃದಯಾಘಾತವಾಗಿದೆ, ಕೆಲಸ ಮಾಡಕೂಡದೆಂದು ವೈದ್ಯರು ಹೇಳಿದ್ದಾರೆ. ಆದರೆ ಸರಕಾರದ ಪರವಾಗಿ ಪ್ರಶ್ನಾವಳಿ ಓದುವಾಕೆ, ಕೈ ಮೇಲೆತ್ತಬಲ್ಲೆಯಾ, ಟೊಪ್ಪಿಗೆ ಹಾಕಿಕೊಳ್ಳಬಲ್ಲೆಯಾ ಎಂದೆಲ್ಲ ಕೇಳಿ ಅಂಕ ಹಾಕುತ್ತಾಳೆ. ಭತ್ಯಕ್ಕೆ 15 ಅಂಕ ಬೇಕು. ಇವನಿಗೆ ಬಂದದ್ದು 12. ಹೃದಯದ ಬಗ್ಗೆ ಆಕೆ ಕೇಳುವುದಿಲ್ಲ.

ಹೀಗೆ ಡೇನಿಯಲನಿಗೆ ತಬರನಿಗೆ ಸಿಗದ ‘ಇಲ್ಲ’ ಅಚ್ಚುಕಟ್ಟಾಗಿ, ಲಕೋಟೆಯಲ್ಲಿ ಬರುತ್ತದೆ. ಆಮೇಲಾದರೂ ಅಪೀಲು ಉಂಟೆ? ಉಂಟು, ಆದರೆ ಅದಕ್ಕೆ ಮೊದಲು ನಿರಾಕರಿಸಿದ ಇಲಾಖೆಯೇ ತನ್ನ ತೀರ್ಮಾನವನ್ನು ಇನ್ನೊಮ್ಮೆ ನೋಡಬೇಕು. 2013ರಲ್ಲಿ ಅಲ್ಲಿ ಬಂದ ಕಟ್ಟುಪಾಡು ಅದು. ಅದಕ್ಕೆ ಮೊದಲು ತೀರ್ಮಾನ ಮಾಡಿದ ಅಧಿಕಾರಿಯ ಫೋನಿಗಾಗಿ ಕಾಯಬೇಕು. ಆ ಅವಧಿಯಲ್ಲಿ ಭತ್ಯ ನಿಂತಿರುತ್ತದೆ. ಹೊಟ್ಟೆಪಾಡಿಗೆ ನಿರುದ್ಯೋಗಿಯ ಭತ್ಯ ಕೇಳಬೇಕಾದರೆ, ಮಾಡಲಾರದ ಕೆಲಸವನ್ನು ವಾರಕ್ಕಿಷ್ಟು ಗಂಟೆ ಹುಡುಕುತ್ತಿದ್ದೇನೆಂದು ರುಜುವಾತು ಕೊಡಬೇಕು. ಎಲ್ಲ ಅರ್ಜಿಯೂ ಕಂಪ್ಯೂಟರಿನಲ್ಲಿ. ಮರದ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಬದುಕಿದವನು ಕಂಪ್ಯೂಟರಿನ ಮೌಸನ್ನು ಕಂಡರಿಯ. ಕಡೆಗೆ ಅವನು ಕಚೇರಿಯ ಹೊರಗೋಡೆಯ ಮೇಲೆ ತನ್ನ ಹೆಸರು ಬರೆದು, ಉಪವಾಸ ಸಾಯುವ ಮೊದಲು ಅಪೀಲಿನ ತಾರೀಖು ಕೊಡಿ ಎಂದು ಬಣ್ಣದಲ್ಲಿ ಬರೆಯುತ್ತಾನೆ. ಬೀದಿಯವರು ಚಪ್ಪಾಳೆ ತಟ್ಟುತ್ತಾರೆ, ಪೊಲೀಸರು ಕರೆದೊಯ್ಯುತ್ತಾರೆ.

ನಾವು ಗಮನಿಸಿದ್ದು ಅವನ ಬೇಡಿಕೆಯನ್ನು. ಕರುಣೆ ತೋರಿ ಎನ್ನುವುದಿಲ್ಲ, ಹಣ ಕೊಡಿ ಎಂದೂ ಅಲ್ಲ. ತಾರೀಖು ಕೊಡಿ ಎನ್ನುತ್ತಾನೆ. ತನಗೆ ಸಲ್ಲಬೇಕಾದದ್ದೇನೆಂದು ಬಲ್ಲ ಮನುಷ್ಯನ ಮಾತು ಅದು. ಟ್ರೇಡ್ ಯೂನಿಯನ್ನುಗಳ ನಾಡಿನಲ್ಲಿ ಬೆಳೆದವನಿಗೆ ಆ ಮಾತು ತಾನಾಗಿ ಬಂದಿದೆ. ತಬರನಿಗೆ ಹಾಗೆ ಕೇಳಬಹುದೆಂದೇ ಗೊತ್ತಿಲ್ಲ.

ತಾರೀಖು ಬರುತ್ತದೆ. ಅಪೀಲಿನ ದಿನ, ಗೆಲ್ಲುತ್ತೀಯೆಂದು ಸಲಹೆಗಾರ ಧೈರ್ಯ ಹೇಳಿದ ಮೇಲೆ, ಅದೇ ಕಟ್ಟಡದ ಶೌಚಾಲಯದಲ್ಲಿ ಡೇನಿಯಲ್ ಹೃದಯ ನಿಂತು ಸಾಯುತ್ತಾನೆ. ವಿಚಾರಣೆಯಲ್ಲಿ ಓದಲೆಂದು ಅವನು ಬರೆದಿಟ್ಟುಕೊಂಡ ಹೇಳಿಕೆಯನ್ನು ಗೆಳತಿ ಕೇಟಿ ಅವನ ಶವಸಂಸ್ಕಾರದಲ್ಲಿ ಓದುತ್ತಾಳೆ. ತಾನು ಕಡತದ ಸಂಖ್ಯೆಯಲ್ಲ, ಮನುಷ್ಯ ಎಂಬ ಅರ್ಥದ ಆ ಹೇಳಿಕೆ ಅವನ ನಾಲ್ಕು ಹಾಳೆ. ಕೇಳಬೇಕಾದ ಪೀಠ ಅದನ್ನು ಕೇಳಲಿಲ್ಲ. ಕೇಳಿದವರು ಕೇಳಿಸಬೇಕಾಗಿಲ್ಲದ ಬಡ ನೆರೆಹೊರೆಯವರು. ಈ ಕೊನೆ ಪರಿಣಾಮಕಾರಿಯಾದದ್ದು ನಿಜ. ಆದರೆ ತುಸು ಅನುಕೂಲದ ಕೊನೆಯೂ ಹೌದೆಂದು ನಮಗೆ ತೋರುತ್ತದೆ. ಡೇನಿಯಲ್ ಬದುಕಿ, ವಿಚಾರಣೆ ನಡೆದು, ಗೆದ್ದು, ಬಾಕಿ ಹಣ ಪಡೆದು ಮನೆಗೆ ಬಂದಿದ್ದರೆ? ಬಹುಮಂದಿಯ ಬದುಕಿನಲ್ಲಿ ಆಗುವುದು ಅದು: ಗೆಲ್ಲುತ್ತಾರೆ, ಗೆಲ್ಲುವ ಹೊತ್ತಿಗೆ ಗೆಲುವಿನ ಉಪಯೋಗ ಮುಗಿದಿರುತ್ತದೆ. ಆ ಬೇಸರದ ಗೆಲುವನ್ನು ತೋರಿಸುವ ಚಿತ್ರ ಇನ್ನೂ ಬರಬೇಕಾಗಿದೆ.

ಲೋಚ್ ಅವರ ಚಿತ್ರದಲ್ಲಿ ನಮ್ಮನ್ನು ಬಹಳ ಕಾಡಿದ್ದು ಒಂದು ಸಣ್ಣ ಪಾತ್ರ. ಕಚೇರಿಯ ನೌಕರಳೊಬ್ಬಳು ಡೇನಿಯಲನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ನಮೂನೆ ತುಂಬಲು ನೆರವಾಗುತ್ತಾಳೆ. ಮೇಲಿನವರು ಬಂದು ಗದರುತ್ತಾರೆ. ಹೀಗೆ ಒಬ್ಬನಿಗೆ ಮಾಡಿದರೆ ಎಲ್ಲರೂ ಕೇಳುತ್ತಾರಂತೆ. ಇನ್ನುಳಿದ ಅಧಿಕಾರಿಣಿಯರನ್ನು ಲೋಚ್ ಸ್ವಲ್ಪ ಸಪಾಟಾಗಿಯೇ ಚಿತ್ರಿಸಿದ್ದಾರೆ, ಆ ಮಟ್ಟಿಗೆ ಕಾಸರವಳ್ಳಿಯವರ ಸಂಯಮ ಅವರಲ್ಲಿಲ್ಲ. ಆದರೆ ಈ ಒಬ್ಬಳು ನಿಜವಾದ ಮನುಷ್ಯಳು. ಅವಳನ್ನು ಕಂಡಾಗ ನಮಗೆ ನಮ್ಮವರೇ ನೆನಪಾದರು. ಹೇಳಿಕೊಳ್ಳಲು ಮುಜುಗರವೆನಿಸಿದರೂ ಹೇಳಬೇಕಾದ ಮಾತಿದು: ತಬರನ ಕಥೆ ಓದಿ ನಾವೆಲ್ಲ ತಬರನ ಜಾಗದಲ್ಲಿ ನಿಂತುಬಿಡುತ್ತೇವೆ. ಮಹಾನಗರಗಳ ಬ್ಯಾಂಕು, ರೈಲ್ವೆ, ವಿಮಾ ಕಂಪೆನಿ, ಲೆಕ್ಕಪತ್ರದ ಕಚೇರಿಗಳಲ್ಲಿ ಮೇಜಿನ ಆ ಬದಿಯಲ್ಲಿ ಕೂತು ಮೂವತ್ತು ವರ್ಷ ಕಡತ ನೋಡಿದವರಲ್ಲಿ ನಮ್ಮ ಸಂಘಗಳ ಸದಸ್ಯರೂ ಕಡಮೆಯಿಲ್ಲ. ಅವರಲ್ಲಿ ಆ ನೌಕರಳಂಥವರು ಇದ್ದರು, ಇದ್ದಾರೆ. ‘ನೋಡೋಣ, ಮುಂದಿನ ವಾರ ಬನ್ನಿ’ ಎಂದು ಸೌಜನ್ಯದಿಂದಲೇ ಹೇಳಿ ಕಳಿಸಿದವರು ಹೆಚ್ಚು. ‘ಇಲ್ಲ’ ಎನ್ನಲು ದಾಕ್ಷಿಣ್ಯ, ‘ಹೌದು’ ಎನ್ನಲು ಅಧಿಕಾರವಿಲ್ಲ. ಕನ್ನಡಿಗರ ದಾಕ್ಷಿಣ್ಯ ಹೆಸರಾದದ್ದು. ಮೇಜಿನ ಈ ಬದಿಯಲ್ಲಿ ನಿಂತವನಿಗೆ ಅದರ ಬೆಲೆ ಎಷ್ಟಾಗುತ್ತದೆಂದು ತೇಜಸ್ವಿಯವರ ಕಥೆಯಲ್ಲಿ ಲೆಕ್ಕವಿದೆ.

ಕಥೆಯ ಕೊನೆಯ ಬಗ್ಗೆ ನಮಗೆ ಒಂದು ಆಕ್ಷೇಪವಿತ್ತು. ಹುಚ್ಚು ಹಿಡಿದವನ ಕೂಗಾಟವನ್ನು ಊರು ಕೇಳಬೇಕಾಗಿಲ್ಲ. ತಬರನನ್ನು ಹುಚ್ಚನಾಗಿಸಿ ಲೇಖಕರು ಕಚೇರಿಗೆ ಒಂದು ವಿನಾಯಿತಿ ಕೊಟ್ಟರೇನೋ ಎನ್ನಿಸಿತ್ತು. ಇಂಥ ಕಥೆಗಳ ಮೂಲಪುರುಷನೆನ್ನಬಹುದಾದ ಗೊಗೋಲ್ 1842ರ ‘ಓವರ್‌ಕೋಟು’ ಕಥೆಯಲ್ಲಿ ಹಾಗೆ ಬಿಡುವುದಿಲ್ಲ. ಅಲ್ಲಿ ಕಳುವಾದ ಕೋಟಿಗಾಗಿ ದೂರು ಕೊಡಲು ಹೋದ ಬಡ ಗುಮಾಸ್ತನಿಗೆ ದೊಡ್ಡ ಮನುಷ್ಯನೊಬ್ಬ, ಅರ್ಜಿ ಯಾವ ಯಾವ ಮೇಜು ದಾಟಿ ತನ್ನಲ್ಲಿಗೆ ಬರಬೇಕಾಗಿತ್ತೆಂದು ಗದರಿ ಪಾಠ ಹೇಳುತ್ತಾನೆ. ಗುಮಾಸ್ತ ಜ್ವರ ಬಂದು ಸತ್ತು, ಪ್ರೇತವಾಗಿ ಮರಳಿ, ಆ ದೊಡ್ಡ ಮನುಷ್ಯನ ಕೋಟನ್ನೇ ಕಿತ್ತುಕೊಳ್ಳುತ್ತಾನೆ. ಲೋಚ್ ತನ್ನ ನಾಯಕನಿಗೆ ಶವಸಂಸ್ಕಾರದಲ್ಲಾದರೂ ಮಾತು ಕೊಟ್ಟರು. ತಬರನಿಗೆ ಪ್ರೇತವಾಗುವ ಭಾಗ್ಯವೂ ಇಲ್ಲ, ಓದಲು ಬಿಟ್ಟುಹೋದ ಹೇಳಿಕೆಯೂ ಇಲ್ಲ.

ಈಗ ಮತ್ತೆ ಓದಿದಾಗ ಆ ಆಕ್ಷೇಪವನ್ನು ಹಾಗೆಯೇ ಇಟ್ಟುಕೊಳ್ಳಲು ನಮಗಾಗಲಿಲ್ಲ. ಡೇನಿಯಲ್ ತಾನು ಸರಿಯೆಂದು ಬಲ್ಲ, ನೋಡುವ ನಾವೂ ಬಲ್ಲೆವು. ಅವನು ಗೋಡೆಯ ಮೇಲೆ ಬರೆದಾಗ ನಮ್ಮ ಎದೆಯೂ ಉಬ್ಬುತ್ತದೆ, ಸಿನಿಮಾ ಮಂದಿರದಿಂದ ಹೊರಬರುವಾಗ ತಲೆಯೆತ್ತಿ ಬರುತ್ತೇವೆ. ತಬರ ಕೊನೆಯವರೆಗೂ ಸರಕಾರವನ್ನು ನಂಬುತ್ತಾನೆ. ತನಗೆ ಬರಬೇಕಾದದ್ದು ಸಾಲದ ಹಾಗೆ ಸಲ್ಲಬೇಕಾದ ಹಣ, ಮೇಲಿನವರು ಮನಸ್ಸು ಮಾಡಿ ಕೊಡುವ ಇನಾಮಲ್ಲ ಎಂಬುದು ಬುದ್ಧಿ ನೆಟ್ಟಗಿರುವವರೆಗೆ ಅವನಿಗೆ ಹೊಳೆಯುವುದೇ ಇಲ್ಲ. ಅದು ಹೊಳೆದು ಸರಕಾರವನ್ನು ಬೈಯಲು ಶುರುಮಾಡಿದಾಗ ಊರು ಅವನಿಗೆ ಹುಚ್ಚೆನ್ನುತ್ತದೆ. ಹುಚ್ಚು ಮೊದಲೋ ತಿಳಿವು ಮೊದಲೋ ಎಂದು ತೇಜಸ್ವಿಯವರು ಹೇಳಿಲ್ಲ.